ಪೆಟ್ಟಿಗೆ ಬೇಡ, ರೆಕ್ಕೆ ಸಿಕ್ಕಿದರೆ ಸಾಕು: ಹಳೇ ಮೆಕ್ಯಾನೊ ವಿಮಾನ ಒಟ್ಟು ಮಾಡಿದ ನನ್ನ ಅನುಭವ

ಮೆಕ್ಯಾನೊ ಅಂದರೆ ಹೆಚ್ಚಿನವರಿಗೆ ಕ್ರೇನು, ಸೇತುವೆ, ಲಾರಿ ನೆನಪಾಗುತ್ತದೆ. ತೂತು ತೂತಿನ ಪಟ್ಟಿಗಳು, ಹಿತ್ತಾಳೆಯ ಗಿಯರು, ಚಿಕ್ಕ ಚಿಕ್ಕ ನಟ್ಟು ಬೋಲ್ಟು ಜೋಡಿಸಿ ಮಾದರಿ ಕಟ್ಟುವ ಇಂಗ್ಲೆಂಡಿನ ಆಟಿಕೆ ಅದು. ಅದೇ ಕಂಪನಿ ವಿಮಾನ ಕಟ್ಟಲಿಕ್ಕೆಂದೇ ಬೇರೆ ಸೆಟ್ಟು ಮಾಡಿತ್ತು ಅಂತ ಗೊತ್ತಿರುವವರು ಕಮ್ಮಿ. ಏರೋಪ್ಲೇನ್ ಕನ್‌ಸ್ಟ್ರಕ್ಟರ್ ಅಂತ ಅದರ ಹೆಸರು. 1931ರಲ್ಲಿ ಶುರುವಾಯಿತು, ಎರಡನೇ ಮಹಾಯುದ್ಧ ಬಂದಾಗ ನಿಂತಿತು, ಯುದ್ಧ ಮುಗಿದ ಮೇಲೆ ಮತ್ತೆ ಬರಲೇ ಇಲ್ಲ. ಹೆಚ್ಚು ಕಮ್ಮಿ ಹತ್ತು ವರ್ಷದ ಮಾಲು ಅಷ್ಟೆ. ನಾನು ಒಟ್ಟು ಮಾಡುವುದು ಇದನ್ನೇ.

ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಅಂಗಡಿ. ದಿನಾ ತಾಮ್ರದ ತಂತಿ, ಬೇರಿಂಗು, ತುಕ್ಕು ಹಿಡಿದ ಶಾಫ್ಟು. ಅದರ ನಡುವೆ ಇದೇನು ಮಕ್ಕಳಾಟ ಅಂತ ಅಂಗಡಿಗೆ ಬರುವವರು ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೇಳಿ ಆಗಿದೆ. ಈಗ ಅವರೇ ಏನಾದರೂ ತಗಡಿನ ತುಂಡು ಸಿಕ್ಕಿದರೆ ತಂದು ತೋರಿಸುತ್ತಾರೆ. ಹತ್ತರಲ್ಲಿ ಒಂಬತ್ತು ಹಳೇ ಹೊಲಿಗೆ ಮಿಷನ್ನಿನ ಭಾಗವೇ ಆಗಿರುತ್ತದೆ, ಆದರೂ ಬೇಡ ಅನ್ನಲಿಕ್ಕಿಲ್ಲ, ನಾಳೆ ಒಳ್ಳೆಯದು ಸಿಕ್ಕಿದಾಗಲೂ ನಮ್ಮಲ್ಲಿಗೇ ತರಬೇಕಲ್ಲ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಈ ತೂತಿನ ಪಟ್ಟಿಗಳಿಗೆ ಪೇಟೆಂಟ್ ತೆಗೆದುಕೊಂಡ. 1907ರಲ್ಲಿ ಮೆಕ್ಯಾನೊ ಅಂತ ಹೆಸರಾಯಿತು. ಒಂದು ತೂತಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಆ ಅಳತೆ ಅಲ್ಲಿಂದ ಇಲ್ಲಿಯವರೆಗೆ ಬದಲಾಗಿಲ್ಲ. ವಿಮಾನದ ಸೆಟ್ಟು ಬಂದ 1931ರಲ್ಲೇ ಇಂಗ್ಲೆಂಡು ತನ್ನ ಸೂಪರ್‌ಮರೀನ್ ಎಸ್.6ಬಿ ವಿಮಾನದಿಂದ ಷ್ನೈಡರ್ ಟ್ರೋಫಿ ಅನ್ನುವ ವಿಮಾನ ಪಂದ್ಯದ ಕಪ್ಪನ್ನು ಶಾಶ್ವತವಾಗಿ ಗೆದ್ದುಕೊಂಡಿತ್ತು. ಮರುವರ್ಷ ಅಕ್ಟೋಬರ್ 15ಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಪುಸ್ ಮಾತ್ ಅನ್ನುವ ಚಿಕ್ಕ ವಿಮಾನದಲ್ಲಿ ಟಪಾಲು ತಂದರು. ಪೇಪರಿನಲ್ಲೆಲ್ಲ ವಿಮಾನದ್ದೇ ಸುದ್ದಿ ಇದ್ದ ಕಾಲ ಅದು. ಮುಂಬೈಯ ದುಡ್ಡಿದ್ದ ಮನೆಯ ಹುಡುಗರಿಗೆ, ರೈಲ್ವೆ ಸಾಹೇಬರ ಮಕ್ಕಳಿಗೆ ಇಂಥ ಪೆಟ್ಟಿಗೆ ಬಂದಿದ್ದರೆ ಆಶ್ಚರ್ಯ ಇಲ್ಲ.

ಈ ವಿಮಾನ ಹಾರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನೋಡುವವರೆಲ್ಲ ಅದನ್ನೇ ಕೇಳುವುದು. ತಗಡಿನ ರೆಕ್ಕೆ, ಒಡಲಿನ ಎರಡು ಬದಿಗಳು, ಬಾಲ, ಗಾಲಿ, ಮೇಲಿನ ರೆಕ್ಕೆಗೂ ಕೆಳಗಿನದಕ್ಕೂ ನಡುವೆ ಕೊಡುವ ಕಡ್ಡಿಗಳು, ಪ್ರೊಪೆಲರು, ಇಷ್ಟನ್ನು ಬೇರೆ ಬೇರೆ ರೀತಿ ಜೋಡಿಸಿ ಒಂದೇ ರೆಕ್ಕೆಯದ್ದು, ಎರಡು ರೆಕ್ಕೆಯದ್ದು ಎಲ್ಲ ಕಟ್ಟಬಹುದು. 1ನೇ ನಂಬರಿನ ಸೆಟ್ಟು ಚಿಕ್ಕದು, 2ನೇ ನಂಬರಿನದ್ದು ದೊಡ್ಡದು. ಆಮೇಲೆ ಇನ್ನೂ ಚಿಕ್ಕ ಸೆಟ್ಟುಗಳೂ, ಹೆಚ್ಚು ಸಾಮಾನಿನ ಸ್ಪೆಷಲ್ ಸೆಟ್ಟುಗಳೂ ಬಂದವು. ಕೀಲಿ ಕೊಟ್ಟರೆ ಪ್ರೊಪೆಲರ್ ತಿರುಗಿಸುವ ಮೋಟಾರೂ ಇತ್ತು. ಮೊದಲಿಗೆ ಬೆಳ್ಳಿ ಬಣ್ಣ ಮಾತ್ರ, ಆಮೇಲೆ ಕೆಂಪು-ಕೆನೆ, ನೀಲಿ-ಬಿಳಿ, ಹಸಿರು-ಕೆನೆ ಜೋಡಿಗಳು. ನನ್ನ ಪ್ರಕಾರ ಹಸಿರು-ಕೆನೆಯೇ ಚಂದ. ಬೆಳ್ಳಿ ಬಣ್ಣದ್ದಕ್ಕೆ ಬೆಲೆ ಜಾಸ್ತಿ ಹೇಳುವವರು ಇದ್ದಾರೆ, ಹೇಳಲಿ.

ಒಟ್ಟು ಮಾಡುವವರಲ್ಲಿ ಎರಡು ಜಾತಿ. ಒಬ್ಬರಿಗೆ ಪೆಟ್ಟಿಗೆ ಬೇಕು: ಮೂಲ ರಟ್ಟು, ಮುಚ್ಚಳದ ಚಿತ್ರ, ಕಾರ್ಡಿಗೆ ದಾರದಲ್ಲಿ ಕಟ್ಟಿದ ಭಾಗಗಳು, ಪುಸ್ತಕ, ಎಲ್ಲ ಹಾಗೆ ಹಾಗೇ. ಇನ್ನೊಬ್ಬರಿಗೆ ಭಾಗ ಸಾಕು. ನಾನು ಎರಡನೇ ಜಾತಿ, ಅದಕ್ಕೆ ಕಾರಣ ನಮ್ಮ ಊರಿನ ಹವೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಅಂಥಲ್ಲಿ ತೊಂಬತ್ತು ವರ್ಷದ ರಟ್ಟಿನ ಪೆಟ್ಟಿಗೆಯನ್ನು ಹತ್ತಾರು ಸಾವಿರ ಕೊಟ್ಟು ತಂದು ಇಡುವುದು ಸುಮ್ನೆ ಗೆದ್ದಲಿಗೆ ಊಟ ಹಾಕಿದ ಹಾಗೆ. ತಗಡನ್ನು ಉಳಿಸಿಕೊಳ್ಳಬಹುದು, ರಟ್ಟು ಕಷ್ಟ. ಪೆಟ್ಟಿಗೆ ಇಲ್ಲದ ಮಾಲಿಗೆ ಬೆಲೆ ಎಷ್ಟೋ ಕಮ್ಮಿ, ಅದು ನನ್ನಂಥವರಿಗೆ ಲಾಭ.

ಸಿಗುವುದು ಎಲ್ಲಿ ಅಂತ ಕೇಳಿದರೆ, ಕಾಸರಗೋಡಿನಲ್ಲಿ ಸಿಗುವುದಿಲ್ಲ ಅಂತಲೇ ಹೇಳಬೇಕು. ಗಲ್ಫಿನಿಂದ ಬಂದ ಆಟಿಕೆ ಇಲ್ಲಿ ಮನೆ ಮನೆಯಲ್ಲಿ ಇತ್ತು, ಆದರೆ ಅದೆಲ್ಲ ಪ್ಲಾಸ್ಟಿಕ್ಕು, ಬ್ಯಾಟರಿಯದ್ದು, ಬಹಳ ಈಚಿನದು. ನನಗೆ ಮಾಲು ಬರುವುದು ಮುಖ್ಯವಾಗಿ ಮುಂಬೈಯಿಂದ. ನಮ್ಮ ಕಡೆಯವರು ಅಲ್ಲಿ ಹೋಟೆಲಿನಲ್ಲಿ ಇಲ್ಲದ ಬೀದಿ ಇಲ್ಲ ಅಲ್ವಾ, ನನ್ನ ಬಾವನೂ ಮಾಟುಂಗದಲ್ಲಿ ಇದ್ದಾನೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಗ್ರಾಮಫೋನು, ಗಡಿಯಾರದ ಅಂಗಡಿಗಳ ಮೂಲೆಯಲ್ಲಿ ಬಿಸ್ಕೆಟಿನ ಡಬ್ಬಿ ತುಂಬ ಮೆಕ್ಯಾನೊ ಸಿಗುವುದುಂಟು. "ಬಾವ, ಇದರಲ್ಲಿ ನಿನ್ನ ರೆಕ್ಕೆ ಇದೆಯಾ ನೋಡು" ಅಂತ ಅವನು ಡಬ್ಬಿಯನ್ನು ನೆಲಕ್ಕೆ ಸುರಿಸಿ ಫೋಟೋ ಕಳಿಸುತ್ತಾನೆ. ಹಾಗೆ ಸುರಿಸಲಿಕ್ಕೆ ಬಿಡದ ಅಂಗಡಿಯಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಇನ್ನೊಂದು ದಾರಿ ಕೊಡಗು, ಚಿಕ್ಕಮಗಳೂರಿನ ಹಳೇ ಕಾಫಿ ತೋಟದ ಬಂಗಲೆಗಳು. ಬಂಗಲೆ ಕೈ ಬದಲಾಗುವಾಗ ಅಟ್ಟದ ಸಾಮಾನು ಗುಜರಿಗೆ ಹೋಗುತ್ತದೆ. ಕುಂಬಳೆಯ ಗುಜರಿ ಅಂಗಡಿಯ ಇಚ್ಚನಿಗೆ ಆ ಕಡೆಯ ಗುಜರಿಯವರ ಪರಿಚಯ ಇದೆ. ಅವರಿಗೆ ನಾನು ಒಂದು ರೆಕ್ಕೆಯ ಫೋಟೋವನ್ನೇ ಕೊಟ್ಟಿಟ್ಟಿದ್ದೇನೆ.

ವಿದೇಶದಿಂದ ತರಿಸುವುದು ಸುಲಭ ಅಂತ ಕಾಣಬಹುದು, ಆದರೆ ಲೆಕ್ಕ ಹಾಕಿ ನೋಡಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. ಅದರ ಮೇಲೆ ಕಳಿಸುವ ಖರ್ಚು. ಊರಿಗೆ ಬರುವ ಯಾರಾದರೂ ಚೀಲದಲ್ಲಿ ಎರಡು ರೆಕ್ಕೆ ತಂದುಕೊಟ್ಟರೆ ಅದೇ ದೊಡ್ಡ ಉಪಕಾರ.

ಇನ್ನು ಮಾಲು ಗುರುತಿಸುವುದು. ಡಬ್ಬಿಯಲ್ಲಿ ಎಲ್ಲ ಕಾಲದ್ದೂ ಕಲೆತಿರುತ್ತದೆ. "ಯುದ್ಧಕಾಲದ ವಿಮಾನದ ಸೆಟ್ಟು" ಅಂತ ಹೇಳಿ ಹಳದಿ-ಕಪ್ಪು ಪಟ್ಟಿ ತೋರಿಸುತ್ತಾರೆ. ಹಳದಿ-ಕಪ್ಪು ಬಂದದ್ದೇ 1964ರಲ್ಲಿ. ಸಾಮಾನ್ಯ ಮೆಕ್ಯಾನೊ 1926ರವರೆಗೆ ಬರೀ ನಿಕ್ಕಲ್, ಆಮೇಲೆ ಕೆಂಪು-ಹಸಿರು, 1934ರಿಂದ ನೀಲಿ-ಚಿನ್ನದ ಬಣ್ಣ, ಯುದ್ಧದ ನಂತರ ಮತ್ತೆ ಕೆಂಪು-ಹಸಿರು. ಇಷ್ಟು ತಲೆಯಲ್ಲಿದ್ದರೆ ಅರ್ಧ ಮೋಸ ತಪ್ಪುತ್ತದೆ. ವಿಮಾನದ ಭಾಗ ಆಕಾರದಿಂದಲೇ ಗೊತ್ತಾಗುತ್ತದೆ. ಕಂಪನಿಯ ಹಳೇ ಬಿಡಿಭಾಗಗಳ ಲಿಸ್ಟಿನಲ್ಲಿ ಅವುಗಳ ನಂಬರಿನ ಮುಂದೆ ಪಿ ಅಕ್ಷರ ಇರುತ್ತದೆ.

ಜರ್ಮನಿಯ ಮಾರ್ಕ್ಲಿನ್ ಕೂಡ 1930ರ ದಶಕದಲ್ಲಿ ವಿಮಾನದ ಸೆಟ್ಟು ಮಾಡಿತ್ತು, ಯುಂಕರ್ಸ್ ವಿಮಾನ ಕಟ್ಟುವಂಥದ್ದು. ಚಂದವೋ ಚಂದ. ನನ್ನ ಕೈಗೆ ಎಟುಕುವ ಬೆಲೆಯಲ್ಲ, ಅದರ ವಿಷಯ ಇಲ್ಲಿಗೇ ಬಿಡುತ್ತೇನೆ.

ಹೊಸದಾಗಿ ಮಾಡಿದ ನಕಲು ಭಾಗಗಳೂ ಇವೆ. ನಕಲು ಅಂತ ಹೇಳಿ ಮಾರಿದರೆ ತಪ್ಪಿಲ್ಲ, ನಾನೂ ಒಂದೆರಡು ಕಡೆ ಹಾಕಿದ್ದೇನೆ. ಹೇಳದೆ ಮಾರುವವರಿಗಾಗಿ ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ಹಳೇ ತೂತು ಪ್ರೆಸ್ಸಿನಲ್ಲಿ ಗುದ್ದಿ ಮಾಡಿದ್ದು. ಒಂದು ಬದಿ ಅಂಚು ಸ್ವಲ್ಪ ಗುಂಡಗೆ, ಇನ್ನೊಂದು ಬದಿ ಬೆರಳಿಗೆ ಸಣ್ಣಗೆ ತಾಗುತ್ತದೆ. ಲೇಸರಿನಲ್ಲಿ ಕೊಯ್ದದ್ದಾದರೆ ತೂತಿನ ಒಳಗೋಡೆಯಲ್ಲಿ ಉದ್ದುದ್ದ ಸಣ್ಣ ಗೆರೆಗಳು ಕಾಣುತ್ತವೆ. ಇನ್ನೊಂದು, ಮತ್ತೆ ಬಣ್ಣ ಹೊಡೆದದ್ದು. ತೂತಿನ ಸುತ್ತ ಬೋಲ್ಟಿನ ತಲೆ ತಿರುಗಿ ಆದ ಉಂಗುರದ ಗೀರು ಇದೆಯಾ ನೋಡಿ. ಮಕ್ಕಳು ಆಡಿದ ಭಾಗದಲ್ಲಿ ಅದು ಇದ್ದೇ ಇರುತ್ತದೆ. ಗೀರು ಇದ್ದು ಅದರ ಮೇಲೂ ಬಣ್ಣ ಕೂತಿದ್ದರೆ, ಅಥವಾ ತೂತಿನ ಒಳಗೆಲ್ಲ ಬಣ್ಣ ದಪ್ಪ ಕಟ್ಟಿದ್ದರೆ, ಅದು ಈಚೆಗೆ ಸ್ಪ್ರೇ ಹೊಡೆದದ್ದು. ನಾನಂತೂ ಬಣ್ಣ ಹೊಡೆದ ಪೂರ್ತಿ ರೆಕ್ಕೆಗಿಂತ ಬಣ್ಣ ಎದ್ದುಹೋದ ಅರ್ಧ ರೆಕ್ಕೆ ತೆಗೆದುಕೊಳ್ಳುತ್ತೇನೆ. ಹಳೇ ಬಣ್ಣ ಒಮ್ಮೆ ಹೋದರೆ ಮತ್ತೆ ತರಲಿಕ್ಕಾಗುವುದಿಲ್ಲ.

ಬೋಲ್ಟಿನ ವಿಷಯ ನನಗೆ ಇಷ್ಟದ್ದು, ಅಂಗಡಿಯ ಕೆಲಸಕ್ಕೂ ಹತ್ತಿರ. ಹಳೇ ಮೆಕ್ಯಾನೊ ಬೋಲ್ಟು 5/32 ಇಂಚು ವಿಟ್‌ವರ್ತ್, ಅದು ಇಂಗ್ಲೆಂಡಿನ ಹಳೇ ಥ್ರೆಡ್ಡಿನ ಅಳತೆ. ಅಂದರೆ 3.97 ಮಿಲಿಮೀಟರ್, ಇಂಚಿಗೆ 32 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ4 ಬೋಲ್ಟು 4 ಮಿಲಿಮೀಟರ್. ನೋಡಲಿಕ್ಕೆ ಒಂದೇ. ಆದರೆ ಎಂ4ರ ಸುತ್ತಿಗೆ ಸುತ್ತು 0.7 ಮಿಲಿಮೀಟರ್, ಇದರದ್ದು 0.79. ಹಳೇ ಬೋಲ್ಟಿಗೆ ಎಂ4 ನಟ್ಟು ಹಾಕಿದರೆ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಮೇಲೂ ಪಾನೆ ಹಾಕಿ ತಿರುಗಿಸಿದರೆ ಎರಡರ ಥ್ರೆಡ್ಡೂ ಹೋಯಿತು. ಡಬ್ಬಿಗಳಲ್ಲಿ ಬರುವ ಹಾಳಾದ ಬೋಲ್ಟುಗಳಲ್ಲಿ ಜಾಸ್ತಿ ಹೀಗೇ ಆದದ್ದು. ಹಾಗಾಗಿ ಎಂ4 ನಟ್ಟನ್ನು ಆ ಮೇಜಿನ ಹತ್ತಿರವೇ ತರುವುದಿಲ್ಲ. ಥ್ರೆಡ್ ಕೊಯ್ಯುವ 5/32ರ ಟ್ಯಾಪೂ ಡೈಯೂ ತರಿಸಿ ಇಟ್ಟುಕೊಂಡಿದ್ದೇನೆ, ಸ್ವಲ್ಪ ಕೆಟ್ಟ ಥ್ರೆಡ್ಡನ್ನು ಅದರಲ್ಲಿ ಓಡಿಸಿ ಸರಿಮಾಡಬಹುದು.

ಜಾಮಾದ ನಟ್ಟನ್ನು ಬಿಡಿಸುವುದು ಅವಸರದ ಕೆಲಸ ಅಲ್ಲ. ಚಿಮಿಣಿ ಎಣ್ಣೆಗೆ (ಸೀಮೆಎಣ್ಣೆಗೆ) ಸ್ವಲ್ಪ ಹೊಲಿಗೆ ಮಿಷನ್ ಎಣ್ಣೆ ಸೇರಿಸಿ ಒಂದು ತೊಟ್ಟು ಬಿಟ್ಟು ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ಬಿಗಿ ಮಾಡುವಾಗಲೇ ತುಕ್ಕು ಒಡೆಯುವುದು. ಪಂಪಿನ ಬೋಲ್ಟಿಗೂ ಇದೇ ಮದ್ದು.

ಮೋಟಾರಿನಲ್ಲಿ ನಮ್ಮ ಕಡೆಯ ಒಂದು ವಿಶೇಷ ಇದೆ. ಕರಾವಳಿಯ ಮನೆಗಳಿಂದ ಬಂದ ಕೀಲಿ ಮೋಟಾರುಗಳಿಗೆಲ್ಲ ಯಾರೋ ತೆಂಗಿನೆಣ್ಣೆ ಬಿಟ್ಟಿರುತ್ತಾರೆ. ಕೈಗೆ ಸಿಗುವ ಎಣ್ಣೆ ಅದೇ ಅಲ್ವಾ. ತೆಂಗಿನೆಣ್ಣೆ 24 ಡಿಗ್ರಿಯಿಂದ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ಅದು ಕರಗೀತು. ಆದರೆ ವರ್ಷಗಟ್ಟಲೆ ಗಾಳಿ ತಾಗಿ ಧೂಳು ಸೇರಿ ಅದು ಹಳದಿ ಅಂಟು ಆಗಿರುತ್ತದೆ, ಅದು ಕರಗುವುದಿಲ್ಲ. ಅಂಥ ಮೋಟಾರಿಗೆ ಜೋರಿನಲ್ಲಿ ಕೀಲಿ ಕೊಡಬಾರದು. ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡಿದೆ ಅಂತ ಖಾತ್ರಿ ಮಾಡಿಕೊಂಡು, ಗಾಳಿಯಾಡುವ ಜಾಗದಲ್ಲಿ ಚಿಮಿಣಿ ಎಣ್ಣೆಯಲ್ಲಿ ನೆನೆಹಾಕಿ, ಬ್ರಷ್ಷಿನಲ್ಲಿ ತೊಳೆದು, ಒಣಗಿಸಿ, ಗಡಿಯಾರದ ಎಣ್ಣೆ ಅಥವಾ ಹೊಲಿಗೆ ಮಿಷನ್ ಎಣ್ಣೆ ಸೂಜಿಯ ತುದಿಯಲ್ಲಿ ತಾಗಿಸಿದರೆ ಸಾಕು. ಹೆಚ್ಚಿನವು ಓಡುತ್ತವೆ. ಪ್ರೊಪೆಲರ್ ಗರ್ ಅಂತ ತಿರುಗುವಾಗ ಅಂಗಡಿಯಲ್ಲಿ ಇದ್ದವರೆಲ್ಲ ಒಮ್ಮೆ ಕೆಲಸ ಬಿಟ್ಟು ನೋಡುತ್ತಾರೆ, ಗಿರಾಕಿಗಳೂ ಸೇರಿ.

ತೊಳೆಯುವುದರಲ್ಲಿ ಜಾಸ್ತಿ ಉತ್ಸಾಹ ಬೇಡ. ಬಣ್ಣದ ಭಾಗಕ್ಕೆ ಉಗುರು ಬೆಚ್ಚಗಿನ ನೀರು, ಒಂದು ಹನಿ ಪಾತ್ರೆಯ ಸೋಪು, ಮೆತ್ತನೆ ಬಟ್ಟೆ. ಕೂಡಲೇ ಒರೆಸಿ ಬಿಸಿಲಿಗೆ ಹಿಡಿದು ತೂತಿನ ನೀರೂ ಆರಬೇಕು. ಪಾಲಿಷ್ ಪೇಪರ್ ಮುಟ್ಟಲೇಬಾರದು. ಹಿತ್ತಾಳೆಯ ಗಿಯರಿಗೆ ಹುಣಸೆಹುಳಿ ನಡೆಯುತ್ತದೆ, ನಿಕ್ಕಲಿಗೆ ಬೇಡ. ಕಾಣದ ಜಾಗದ ತುಕ್ಕಿಗೆ ನಾನು ಅಡಿಕೆ ಬೇಯಿಸಿದ ಚೊಗರು ಹಚ್ಚುವುದುಂಟು. ಚೊಗರಿನಲ್ಲಿರುವ ಟ್ಯಾನಿನ್ ತುಕ್ಕಿನ ಜೊತೆ ಸೇರಿ ಕಪ್ಪು ಪದರ ಆಗುತ್ತದೆ. ನಮ್ಮಲ್ಲಿ ಅಡಿಕೆಯನ್ನು ಬೇಯಿಸದೆ ಒಣಗಿಸಿ ಚಾಲಿ ಮಾಡುವವರೇ ಜಾಸ್ತಿ, ಚೊಗರು ಸಿಗುವುದಿಲ್ಲ. ಸುಳ್ಯದಾಚೆಯಿಂದ ಬರುವವರ ಹತ್ತಿರ ಒಂದು ಬಾಟಲಿ ಕೇಳಿ ತರಿಸುತ್ತೇನೆ. ಸಿಗದಿದ್ದರೆ ಕಡು ಚಾ ಡಿಕಾಕ್ಷನ್ನೂ ಆಗುತ್ತದೆ.

ಆ ಕಾಲದ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ. ಹಾಗಾಗಿ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಕೊಡುವುದಿಲ್ಲ, ಕೆಲಸ ಮುಗಿದ ಮೇಲೆ ಕೈ ತೊಳೆಯುತ್ತೇನೆ. ಮನೆಗೆ ಬರುವ ನೆಂಟರ ಮಕ್ಕಳಿಗೆ ನಮ್ಮ ದೇಶದ್ದೇ ಮೆಕ್ಯಾನಿಕ್ಸ್ ಸೆಟ್ಟು ಬೇರೆ ಇದೆ, ಅದರಲ್ಲೂ ವಿಮಾನ ಕಟ್ಟಬಹುದು.

ಇಡುವ ವ್ಯವಸ್ಥೆ ಹೀಗೆ. ಬಾಗಿಲು ಸರಿಯಾಗಿ ಕೂರುವ ಮರದ ಕಪಾಟು, ಅದರ ಕೆಳಗಿನ ಅಂತಸ್ತಿನಲ್ಲಿ ಒಂದು 15 ವಾಟಿನ ಹಳೇ ತರದ ಬಲ್ಬು. ಎಲ್‌ಇಡಿ ಆಗುವುದಿಲ್ಲ, ಬಿಸಿ ಬೇಕು. ಜೂನಿನಿಂದ ಅಕ್ಟೋಬರಿನವರೆಗೆ ಅದು ಉರಿಯುತ್ತಲೇ ಇರುತ್ತದೆ. ಬಲ್ಬಿನ ಹತ್ತಿರ ರಟ್ಟು, ಬಟ್ಟೆ ಏನೂ ಇಡಬಾರದು. ಬಿಡಿ ಭಾಗಗಳು ತೆಳ್ಳಗೆ ಎಣ್ಣೆ ಒರೆಸಿಕೊಂಡು ಬಿಸ್ಕೆಟಿನ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಜೆಲ್ಲನ್ನು ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಉಪಯೋಗಿಸಬಹುದು, ಅಡುಗೆಯ ಬಾಣಲೆ ಬೇಡ. ಪೇಪರಿನಲ್ಲಿ ಸುತ್ತಿಡುವುದು ನಮ್ಮ ಹವೆಗೆ ಆಗದು, ಪೇಪರು ತೇವ ಹೀರಿ ತಗಡಿಗೇ ಅಂಟುತ್ತದೆ.

ಈಗ ಮೇಜಿನ ಮೇಲಿರುವುದು ಡಕೋಟಾದ ಹಾಗೆ ಕಾಣಬೇಕು ಅಂತ ಕಟ್ಟುತ್ತಿರುವ ಎರಡು ಎಂಜಿನ್ನಿನ ವಿಮಾನ. 1951ರ ಡಿಸೆಂಬರ್ 25ಕ್ಕೆ ಮಂಗಳೂರಿನ ಬಜ್ಪೆಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ ನೆಹರು ಬಂದಿಳಿದದ್ದು ಡಕೋಟಾದಲ್ಲೇ. ಮೆಕ್ಯಾನೊ ಪುಸ್ತಕದಲ್ಲಿ ಈ ಮಾದರಿ ಇಲ್ಲ, ಬಾಲದ ಹತ್ತಿರ ನಾನೇ ಸಾಮಾನ್ಯ ಪಟ್ಟಿ ಹಾಕಿ ಹೊಂದಿಸಿದ್ದೇನೆ. ಬಲಗಡೆಯ ಹೊರ ರೆಕ್ಕೆ ಹಸಿರು, ಎಡಗಡೆಯದ್ದು ಕೆಂಪು. ಬಾವ ಮೊನ್ನೆ ಒಂದು ಹಸಿರು ರೆಕ್ಕೆಯ ಫೋಟೋ ಕಳಿಸಿದ್ದ, ತೂತಿನ ಒಳಗೆಲ್ಲ ಬಣ್ಣ. ಬೇಡ ಅಂದೆ. ಸದ್ಯಕ್ಕೆ ಕೆಂಪೇ ಇರಲಿ.