ಸೊರ್ತೆಲ್ಯಾದ ದಂಡನೆಗಂಬವನ್ನು ಅಳೆದು ದಾಖಲಿಸಿದ ಬಗೆ

ಪೋರ್ಚುಗಲ್‌ನ ಗ್ವಾರ್ದಾ ಜಿಲ್ಲೆಯಲ್ಲಿರುವ ಸೊರ್ತೆಲ್ಯಾ ಎಂಬ ಹಳ್ಳಿಯ ಗ್ರಾನೈಟ್ ದಂಡನೆಗಂಬವನ್ನು ನಾನು ಅಳತೆಯೊಂದಿಗೆ ದಾಖಲಿಸಿದ್ದೇನೆ. ಅಲ್ಲಿನವರು ಪೆಲೋರಿನ್ಯೊ ಎಂದು ಕರೆಯುವ ಇಂಥ ಕಂಬಗಳನ್ನು ಹಿಂಸೆಯ ಸಾಧನವೆಂದಷ್ಟೇ ನೋಡಿದರೆ ಗಮನಿಸಬೇಕಾದ ಅರ್ಧ ಸಂಗತಿ ಕಣ್ತಪ್ಪಿ ಹೋಗುತ್ತದೆ. ತಪ್ಪಿತಸ್ಥರನ್ನು ಕಟ್ಟಿ ಜನರೆದುರು ನಿಲ್ಲಿಸುತ್ತಿದ್ದುದು ನಿಜವೇ. ಆದರೆ ಈ ಊರಿಗೆ ತನ್ನದೇ ನ್ಯಾಯಾಧಿಕಾರವಿದೆ ಎಂದು ಸಾರುವುದೂ ಅದರ ಕೆಲಸವಾಗಿತ್ತು. ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ 1510ರಲ್ಲಿಯೇ ದೊರೆ ಒಂದನೆಯ ಮನುಎಲ್ ಸೊರ್ತೆಲ್ಯಾಕ್ಕೆ ಹೊಸ ಸನ್ನದು ಕೊಟ್ಟನು. ಆಕಾಶದ ವೃತ್ತಗಳನ್ನು ಬಳೆಗಳಂತೆ ಜೋಡಿಸಿದ ಗೋಳ, ಅಂದರೆ ಅವನ ಲಾಂಛನ, ಇಂದಿಗೂ ಕಂಬದ ತುದಿಯಲ್ಲಿದೆ. ಆದ್ದರಿಂದ ತುದಿಯನ್ನು ಬಿಟ್ಟು ಕಂಬವನ್ನಷ್ಟೇ ಅಳೆದರೆ ಅದು ಯಾರ ಆಳ್ವಿಕೆಯದೆಂಬುದೇ ದಾಖಲೆಯಲ್ಲಿ ಉಳಿಯುವುದಿಲ್ಲ.

ಮೊದಲು ಮೆಟ್ಟಿಲುಗಳ ನಕ್ಷೆಯನ್ನು ಬರೆದು, ಅನಂತರ ತೂಗುಗುಂಡು ಇಳಿಬಿಟ್ಟು ಕಂಬದ ವಾಲಿಕೆಯನ್ನು ಗುರುತಿಸಿದೆ. ಸುತ್ತಲೂ ಒಂದರ ಅಂಚು ಇನ್ನೊಂದರಲ್ಲಿ ಸೇರುವಂತೆ ಛಾಯಾಚಿತ್ರಗಳನ್ನು ತೆಗೆದು, ಅವುಗಳಿಂದ ಮೂರು ಆಯಾಮದ ಮಾದರಿಯನ್ನು ಸಿದ್ಧಪಡಿಸಿದೆ. ಅಳತೆಪಟ್ಟಿಯಿಲ್ಲದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ.

ನಿಜವಾದ ಓದು ಆರಂಭವಾದದ್ದು ಕತ್ತಲಾದ ಮೇಲೆ. ಗ್ರಾನೈಟ್‌ನಲ್ಲಿ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಬೇಗ ಸವೆದು, ಬೆಣಚುಕಲ್ಲಿನ ಹರಳುಗಳು ಮೇಲೆದ್ದು ನಿಲ್ಲುವುದರಿಂದ ಆಳವಿಲ್ಲದ ಕೆತ್ತನೆ ಹಗಲಿನ ನೇರ ಬೆಳಕಿನಲ್ಲಿ ಬರಿಯ ಒರಟು ಮೇಲ್ಮೈಯಾಗಿ ಕಾಣುತ್ತದೆ. ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಸಮೀಪದಲ್ಲಿ ಓರೆಯಾಗಿ ಹಿಡಿದಾಗ ಸಣ್ಣ ತಗ್ಗುಗಳೂ ನೆರಳು ಚೆಲ್ಲುತ್ತವೆ, ಉಳಿಯ ಏಟು ಯಾವುದು, ಮಳೆಯ ಸವೆತ ಯಾವುದು ಎಂಬುದು ಬೇರ್ಪಡುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ವಿಧಾನ ನನಗೆ ಬೇರೆ ಕಂಡಿಲ್ಲ.

ಸಂದುಗಳನ್ನೂ ಬಿಡದೆ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ದಬ್ಬಾಳಿಕೆಯ ಗುರುತುಗಳೆಂದು ಪೋರ್ಚುಗಲ್‌ನಲ್ಲಿ ಅನೇಕ ದಂಡನೆಗಂಬಗಳನ್ನು ಕೆಡವಿದರು, ಕೆಲವನ್ನು ಮುಂದೆ ಚೂರುಗಳಿಂದ ಮತ್ತೆ ಕಟ್ಟಿದರು. ಹಾಗಾಗಿ ಸಿಮೆಂಟಿನ ಗಾರೆ ಕಂಡಲ್ಲೆಲ್ಲ ಅದು ಈಚಿನ ಕೈಕೆಲಸವೆಂದು ನಕ್ಷೆಯಲ್ಲಿ ಬೇರೆ ಬಣ್ಣದಿಂದ ತೋರಿಸುವುದು ನನ್ನ ರೂಢಿ. ಕಲ್ಲಿನೊಳಗೆ ಕಬ್ಬಿಣ ಉಳಿದಿದ್ದರೆ ಅದರ ಸುತ್ತಲಿನ ಬಿರುಕುಗಳನ್ನೂ ಗುರುತಿಸಬೇಕು, ಏಕೆಂದರೆ ತುಕ್ಕು ಹಿಡಿದು ಉಬ್ಬುವ ಕಬ್ಬಿಣ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ.

ಸೊರ್ತೆಲ್ಯಾ ತನ್ನ ಪುರಸಭೆಯನ್ನು 1855ರಲ್ಲಿ ಕಳೆದುಕೊಂಡಿತಾದರೂ ಕಂಬ ಉಳಿದಿದೆ. ದೇಶದ ದಂಡನೆಗಂಬಗಳಿಗೆ 1933ರ ಆಜ್ಞೆಯೊಂದು ಕಾನೂನಿನ ರಕ್ಷಣೆಯನ್ನು ಒದಗಿಸಿತು. ಆದರೆ ಶುಚಿಗೊಳಿಸುವ ಉತ್ಸಾಹದಿಂದಲೂ ಇವುಗಳನ್ನು ಕಾಯಬೇಕಾಗಿದೆ. ಕಲ್ಲುಹೂವನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಅಥವಾ ರಭಸದ ನೀರಿನಿಂದ ತೊಳೆದರೆ ಸಡಿಲವಾದ ಹರಳುಗಳೂ, ಅವುಗಳ ಜೊತೆಗೆ ಉಳಿಯ ಗುರುತುಗಳೂ ಉದುರಿಹೋಗುತ್ತವೆ. ಆದ್ದರಿಂದ ನಾನು ಕಲ್ಲುಹೂವನ್ನು ಮುಟ್ಟದೆ, ಅದು ಹಬ್ಬಿರುವ ಎಲ್ಲೆಯನ್ನು ಪ್ರತಿ ಮುಖದ ಚಿತ್ರದ ಮೇಲೂ ಗೆರೆಯೆಳೆದು ದಿನಾಂಕದೊಂದಿಗೆ ದಾಖಲಿಸಿದೆ. ಮುಂದೆ ಅಳೆಯುವವರು ಅದೇ ಕೋನಗಳಿಂದ ಚಿತ್ರ ತೆಗೆದು ಹೋಲಿಸಲು ಸಾಧ್ಯವಾಗುವಂತೆ ಕ್ಯಾಮೆರಾ ನಿಲ್ಲಿಸಿದ ಜಾಗಗಳನ್ನೂ ನಕ್ಷೆಯಲ್ಲಿ ಸೇರಿಸಿದ್ದೇನೆ.