ನೋಟ್ಸ್ ಬರೆಯಬೇಕಾ? ಮೊದಲು ವಾಕ್ಯ ಮುಗಿಯಲಿ

‘ಸರ್, ಸ್ವಲ್ಪ ನಿಧಾನ ಹೇಳ್ರಿ, ಬರ್ಕೋತೀವಿ.’ ಕಲಬುರಗಿಯ ಯಾವ ಕಾಲೇಜಿಗೆ, ಯಾವ ಕೋಚಿಂಗ್ ಕ್ಲಾಸಿಗೆ ಹೋದರೂ ಹಿಂದಿನ ಬೆಂಚಿನಿಂದ ಈ ಮಾತು ಬರುತ್ತದೆ. ಪಾಪ, ಮೇಷ್ಟ್ರು ನಿಧಾನ ಮಾಡುತ್ತಾರೆ. ಪಾಠ ಅಲ್ಲಿಗೆ ಮುಗಿದು ಉಕ್ತಲೇಖನ ಶುರುವಾಗುತ್ತದೆ. ಹುಡುಗರು ನಾಲ್ಕು ಪುಟ ತುಂಬಿಸುತ್ತಾರೆ. ಹೊರಗೆ ಬಂದ ಮೇಲೆ ‘ಇವತ್ತೇನು ಹೇಳಿದ್ರಪ್ಪಾ’ ಅಂತ ಕೇಳಿದರೆ ನೋಟ್‌ಬುಕ್ ತೆಗೆದು ನೋಡಬೇಕು. ದೊಡ್ಡವರ ಸಭೆಗಳಲ್ಲಿ ಇದರ ಉಲ್ಟಾ. ಎರಡು ತಾಸು ಚರ್ಚೆ ನಡೆದಿರುತ್ತದೆ, ಪುಸ್ತಕದಲ್ಲಿ ತಾರೀಕು ಮಾತ್ರ ಇರುತ್ತದೆ.

ಎರಡನ್ನೂ ಸರಿ ಮಾಡಬಹುದು. ಮೊದಲು ಕ್ಲಾಸಿನ ವಿಷಯ ನೋಡೋಣ.

ಸಾಮಾನು

ಒಂದು ರೂಲ್ಡ್ ನೋಟ್‌ಬುಕ್, ಎರಡು ಬಾಲ್‌ಪೆನ್. ಸಾಕು. ಜೆಲ್ ಪೆನ್ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಬೆವರಿದ ಅಂಗೈ ತಾಗಿದರೆ ಅರ್ಧ ಪುಟದ ಶಾಯಿ ಸವರಿ ಹೋಗುತ್ತದೆ. ಸೂಪರ್ ಮಾರ್ಕೆಟ್ ಅಂಗಡಿಗಳಲ್ಲಿ ಸಿಗುವ ಐದು ಬಣ್ಣದ ಹೈಲೈಟರ್ ಸೆಟ್ಟಿಗೂ ದುಡ್ಡು ಹಾಕಬೇಡಿ. ಕ್ಲಾಸಿನಲ್ಲಿ ಕೂತು ಬಣ್ಣ ಬಳಿಯುವವರ ಕಿವಿ ಆಗ ರಜೆಯಲ್ಲಿರುತ್ತದೆ.

ಮೊಬೈಲ್ ರೆಕಾರ್ಡಿಂಗ್ ಮಾಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಒಂದು ತಾಸಿನ ಪಾಠ ಮತ್ತೆ ಕೇಳಲು ಒಂದು ತಾಸು ಬೇಕು, ಅದನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಮೇಷ್ಟ್ರ ದನಿಗಿಂತ ಫ್ಯಾನಿನ ಸದ್ದೇ ಜಾಸ್ತಿ ಇರುತ್ತದೆ. ಬೋರ್ಡಿನ ಫೋಟೋ ಕೂಡ ಅಷ್ಟೇ. ನಕ್ಷೆ, ಚಿತ್ರ ಇದ್ದರೆ ತೆಗೆಯಿರಿ, ಬರಹಕ್ಕೆ ಬೇಡ.

ಜಾಗ, ಪುಟ

ಮುಂದಿನ ಮೂರು ಸಾಲಿನೊಳಗೆ ಕೂತುಕೊಳ್ಳಿ. ಪುಟದ ಎಡಕ್ಕೆ ಮೂರರಲ್ಲೊಂದು ಪಾಲು ಬಿಟ್ಟು ಉದ್ದ ಗೆರೆ ಎಳೆಯಿರಿ. ಕ್ಲಾಸಿನಲ್ಲಿ ಬಲಗಡೆ ಮಾತ್ರ ಬರೆಯಬೇಕು. ಎಡಗಡೆಯ ಕೆಲಸ ಸಂಜೆಗೆ. ಈ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್.

ಕೇಳುತ್ತ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಕೈಗೆ ಮಾತಿನ ವೇಗ ಬರುವುದಿಲ್ಲ. ಬರಬೇಕೆಂದರೆ ಶೀಘ್ರಲಿಪಿ ಕಲಿತಿರಬೇಕು. ಹಾಗಾಗಿ ಮೊದಲ ನಿಯಮ: ವಾಕ್ಯ ಮುಗಿಯುವವರೆಗೆ ಪೆನ್ನು ಹಾಳೆಗೆ ತಾಗಿಸಬೇಡಿ.

ಕನ್ನಡದಲ್ಲಿ ಇದು ಇನ್ನೂ ಮುಖ್ಯ. ಯಾಕೆಂದರೆ ನಮ್ಮ ವಾಕ್ಯದ ತೀರ್ಮಾನ ಕೊನೆಗೆ ಬರುತ್ತದೆ. ‘ಈ ಸೌಲಭ್ಯ ರಾಜ್ಯದ ಎಲ್ಲ ಜಿಲ್ಲೆಯವರಿಗೂ...’ ಅನ್ನುವಷ್ಟರಲ್ಲೇ ತಲೆ ತಗ್ಗಿಸಿ ಬರೆಯಲು ಶುರು ಮಾಡಿದರೆ, ‘ಅನ್ವಯಿಸುವುದಿಲ್ಲ’ ಅನ್ನುವುದು ಕಿವಿಗೆ ಬೀಳುವುದೇ ಇಲ್ಲ. ಪರೀಕ್ಷೆಯಲ್ಲಿ ಪೂರಾ ಉಲ್ಟಾ ಉತ್ತರ ಬರೆದವರ ನೋಟ್‌ಬುಕ್ ತೆಗೆದು ನೋಡಿ. ಎಷ್ಟೋ ಸಲ ತಪ್ಪು ಅಲ್ಲೇ ಸಿಗುತ್ತದೆ, ‘ಇಲ್ಲ’ ಬಿಟ್ಟುಹೋಗಿರುತ್ತದೆ.

ಎರಡನೆಯದು, ಅಂಕಿಯನ್ನು ಒಂಟಿಯಾಗಿ ಬರೆಯಬೇಡಿ. ನಮ್ಮ ಭಾಗದ ಪ್ರತಿ ಸ್ಪರ್ಧಾತ್ಮಕ ಪರೀಕ್ಷೆಯ ಕ್ಲಾಸಿನಲ್ಲೂ ಬರುವ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯ ಪಾಠವನ್ನೇ ತೆಗೆದುಕೊಳ್ಳಿ. ಮೇಷ್ಟ್ರು ಹೇಳುತ್ತಾರೆ: ಸಂವಿಧಾನದ 98ನೇ ತಿದ್ದುಪಡಿಯಿಂದ ಈ ವಿಧಿ ಬಂತು, 2013ರಲ್ಲಿ ಜಾರಿಯಾಯಿತು. ಆಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಅಂತ ಆರು ಜಿಲ್ಲೆ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಆದ ಮೇಲೆ ಏಳು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಗಡಿಬಿಡಿಯಲ್ಲಿ ಬರೆದವರ ಪುಟ ಹೀಗಿರುತ್ತದೆ: ‘371 ಜೆ, 98, 2013, 6, 7, 70, 8.’ ಥೇಟ್ ಓಸಿ ಮಟ್ಕಾ ಚೀಟಿ! ವಾರ ಬಿಟ್ಟು ನೋಡಿದರೆ 8 ಅಂದರೆ ಜಿಲ್ಲೆಯೋ ಸೀಟೋ ಬರೆದವರಿಗೇ ಗೊತ್ತಾಗುವುದಿಲ್ಲ. ಕೇಳಿ ಬರೆದ ಒಬ್ಬ ಹುಡುಗಿಯ ಪುಟ ಇದು:

371(ಜೆ) ← 98ನೇ ತಿದ್ದು., ಜಾರಿ 2013
ಆಗ 6 ಜಿ. → ಈಗ 7 (ವಿಜಯನಗರ, 2021)
ಸೀಟು: ನಮ್ಮ ಭಾಗ ಶೇ 70 / ರಾಜ್ಯಮಟ್ಟ ಶೇ 8
? ಬೇರೆ ಕಡೆ ಹುಟ್ಟಿ ಇಲ್ಲಿ ಬೆಳೆದವರಿಗೆ

ನಾಲ್ಕೇ ಸಾಲು. ಎಲ್ಲ ಅಂಕಿಗೂ ಒಂದು ಹೆಸರಿದೆ. ಕೊನೆಯ ಪ್ರಶ್ನೆ ಮೇಷ್ಟ್ರು ಹೇಳಿದ್ದಲ್ಲ, ಕೇಳುತ್ತ ಕೂತಾಗ ಹುಡುಗಿಗೆ ಹೊಳೆದದ್ದು. ನನ್ನ ಲೆಕ್ಕದಲ್ಲಿ ಇಡೀ ಪುಟದಲ್ಲಿ ಹೆಚ್ಚು ಬೆಲೆ ಅದಕ್ಕೇ.

ಇನ್ನು ಚಿಕ್ಕದು ಮಾಡುವ ಉಪಾಯ. ಒತ್ತಕ್ಷರ, ದೀರ್ಘ ತಿಂದು ಬರೆದರೆ ಆಮೇಲೆ ಓದಲು ಬರುವುದಿಲ್ಲ. ಪದದ ಬಾಲ ಕತ್ತರಿಸಿ. ‘ಸರ್ಕಾರದಿಂದ ಮಂಡಳಿಗೆ ಅನುದಾನ ಬಿಡುಗಡೆಯಾಗುತ್ತದೆ’ ಅನ್ನುವುದು ‘ಸರ್ಕಾರ → ಮಂಡಳಿ, ಅನುದಾನ’ ಆದರೆ ಸಾಕು. ಗ್ರಾ.ಪಂ., ಜಿ.ಪಂ. ಎಲ್ಲರಿಗೂ ಗೊತ್ತು. ಹೊಸ ಗುರುತು ಬೇಕಿದ್ದರೆ ಮೊದಲೇ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ, ಕ್ಲಾಸಿನಲ್ಲಿ ಕೂತು ಹುಟ್ಟಿಸಬೇಡಿ. ‘ಇಲ್ಲ’, ‘ಬಾರದು’ ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಪೂರ್ತಿ ಬರೆದು ಕೆಳಗೆ ಗೀಟು ಹಾಕಿ.

ಯಾವುದನ್ನು ಬರೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ? ಮೇಷ್ಟ್ರು ಎರಡು ಸಲ ಹೇಳಿದ್ದು, ಬೋರ್ಡಿಗೆ ತಿರುಗಿ ಬರೆದದ್ದು, ‘ಆದರೆ’ ಅಂದ ಮೇಲೆ ಬಂದದ್ದು. ‘ಆದರೆ’ ಕೇಳಿದ ಕೂಡಲೇ ನೆಟ್ಟಗೆ ಕೂರಿ. ಏನಾದರೂ ತಪ್ಪಿಹೋದರೆ ಎರಡು ಸಾಲು ಖಾಲಿ ಬಿಟ್ಟು ಮುಂದೆ ಹೋಗಿ. ಪಕ್ಕದವರ ಪುಟ ಇಣುಕಿದರೆ ನಿಮಗೂ ತಪ್ಪುತ್ತದೆ, ಅವರಿಗೂ ತಪ್ಪುತ್ತದೆ. ಕ್ಲಾಸ್ ಮುಗಿದ ಮೇಲೆ ಕೇಳಿ ತುಂಬಿಸಿಕೊಳ್ಳಿ.

ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಮಾತು. ಟೈಪ್ ಮಾಡುವವರು ಹೇಳಿದ್ದನ್ನು ಹಾಗೇ ಇಳಿಸಿಕೊಳ್ಳುತ್ತಾರೆ, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಹಿಂದೆ ಬೀಳುತ್ತಾರೆ ಅಂತ 2014ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ನನ್ನ ಮತ ಮಾತ್ರ ಪೆನ್ನಿಗೇ. ಅದರಲ್ಲಿ ವಾಟ್ಸ್ಆ್ಯಪ್ ಬರುವುದಿಲ್ಲ.

ಅದೇ ದಿನ ಸಂಜೆ

ಹತ್ತು ಹದಿನೈದು ನಿಮಿಷ ಸಾಕು, ಆದರೆ ಅದೇ ದಿನ ಆಗಬೇಕು. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಕೆಲವು ತಾಸಿನಲ್ಲೇ ಮರೆತುಹೋಗುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲೇ ಬರೆದಿದ್ದಾನೆ. ಎಡಗಡೆ ಖಾಲಿ ಬಿಟ್ಟ ಜಾಗದಲ್ಲಿ ಈಗ ಪ್ರಶ್ನೆ ಬರೆಯಿರಿ: ‘ಆರು ಏಳಾದದ್ದು ಯಾವಾಗ, ಯಾಕೆ?’ ಬಲಗಡೆ ಕೈಯಿಂದ ಮುಚ್ಚಿ ಬಾಯಲ್ಲಿ ಉತ್ತರ ಹೇಳಿ. ನೋಟ್ಸನ್ನು ಅಂದವಾಗಿ ಇನ್ನೊಂದು ಬುಕ್ಕಿಗೆ ನಕಲು ಮಾಡುವವರಿದ್ದಾರೆ. ಸುಮ್ನೆ ಕೈನೋವು.

ಸಭೆ ಇದ್ದರೆ

ಶಾಲೆಯ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಇರಲಿ, ಸ್ತ್ರೀಶಕ್ತಿ ಸಂಘ ಇರಲಿ, ಆಫೀಸಿನ ಮೀಟಿಂಗ್ ಇರಲಿ, ಭಾಷಣ ಬರೆಯಬೇಡಿ. ಯಾರು, ಏನು, ಯಾವತ್ತಿನೊಳಗೆ ಅಂತ ಮೂರು ಕಾಲಂ ಹಾಕಿ. ಹಣದ ವಿಷಯ ಬಂದರೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ.

ಸಮಸ್ಯೆ ಏನೆಂದರೆ, ನಮ್ಮ ಸಭೆಗಳಲ್ಲಿ ತೀರ್ಮಾನ ಬಾಯಿಬಿಟ್ಟು ಹೇಳುವುದೇ ಅಪರೂಪ. ಶಾಲೆಯ ನೀರಿನ ಟ್ಯಾಂಕ್ ಸೋರುತ್ತಿರುತ್ತದೆ. ‘ರಿಪೇರಿ ಮಾಡಸ್ಬೇಕ್ರಿ’ ಅಂತ ಒಬ್ಬರು. ‘ಹೌದ್ರಿ’ ಅಂತ ನಾಲ್ಕು ಜನ. ‘ಆಗ್ತದ ಬಿಡ್ರಿ’ ಅಂತ ಅಧ್ಯಕ್ಷರು. ಚಹಾ ಬರುತ್ತದೆ, ವಿಷಯ ಮುಗಿಯುತ್ತದೆ. ಮುಂದಿನ ತಿಂಗಳೂ ಟ್ಯಾಂಕ್ ಸೋರುತ್ತದೆ. ಬರೆಯುವವರು ಚಹಾ ಬರುವ ಮೊದಲೇ ಬಾಯಿ ಹಾಕಬೇಕು: ‘ಸರ್, ಯಾರು ಮಾಡಸ್ತಾರಂತ ಬರ್ಕೊಳ್ಳಲಿ? ಶುಕ್ರವಾರದೊಳಗ ಆಗ್ತದೇನ್ರಿ?’ ಇದರಲ್ಲಿ ಅಗೌರವ ಏನಿಲ್ಲ. ಹೆಸರು ಸಿಗದಿದ್ದರೆ ‘ಯಾರೂ ಒಪ್ಪಿಕೊಂಡಿಲ್ಲ’ ಅಂತಲೇ ಬರೆದು ಅದನ್ನು ಜೋರಾಗಿ ಓದಿ. ಬೇಗ ಒಬ್ಬರು ಒಪ್ಪಿಕೊಳ್ಳುತ್ತಾರೆ.

ಠರಾವು ಪುಸ್ತಕದ ಖಾಲಿ ಪುಟಕ್ಕೆ ಮೊದಲೇ ಸಹಿ ಹಾಕಿಸಿ ‘ಆಮೇಲೆ ಬರ್ಕೋತೀವಿ’ ಅನ್ನುವ ಚಾಳಿ ಇದೆ. ಹಾಕಬೇಡಿ. ನಡಾವಳಿ ಬರೆದು, ಓದಿ ಹೇಳಿ, ಕೊನೆಯ ಸಾಲಿಗೆ ತಾಗಿದಂತೆ ಅಡ್ಡಗೀಟು ಎಳೆದು ಅದರ ಕೆಳಗೆ ಸಹಿ ತೆಗೆದುಕೊಳ್ಳಿ. ನಡುವೆ ಜಾಗ ಬಿಟ್ಟರೆ ನಾಳೆ ಅಲ್ಲಿ ಇನ್ನೊಂದು ಠರಾವು ಹುಟ್ಟಬಹುದು.

ರಾತ್ರಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವಾಗ ಪುಟದ ಫೋಟೋ ಹಾಕಬೇಡಿ, ಯಾರೂ ದೊಡ್ಡದು ಮಾಡಿ ಓದುವುದಿಲ್ಲ. ಹೆಸರು, ಕೆಲಸ, ತಾರೀಕು ಇಷ್ಟನ್ನೇ ಟೈಪ್ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಗುಡ್ ನೈಟ್ ಚಿತ್ರಗಳು ಶುರುವಾಗುವ ಮೊದಲೇ ಹಾಕಿ.