ಫ್ರೇಮಿನ ಮೂಲೆ ಬಾಯಿ ಬಿಡದಂತೆ ಮೈಟರ್ ಸಾ ಹೊಂದಿಸುವುದು

ಸಾಗರದಲ್ಲಿ ನಮ್ಮದು ಫೋಟೋ ಫ್ರೇಮ್ ಅಂಗಡಿ. ಅಪ್ಪ ಕೊನೆಯವರೆಗೂ ಮರದ ಮೈಟರ್ ಬಾಕ್ಸ್ (ಗರಗಸ ಓರೆಯಾಗಿ ಹೋಗಲು ಸೀಳು ಬಿಟ್ಟ ಪೆಟ್ಟಿಗೆ) ಇಟ್ಟುಕೊಂಡು ಕೈಗರಗಸದಲ್ಲೇ ಕೊಯ್ದವರು. ಅವರ ನಂತರ ನಾನು ಹತ್ತಿಂಚು ಬ್ಲೇಡಿನ ಮೈಟರ್ ಸಾ, ಅಂದರೆ ಬೇಕಾದ ಕೋನಕ್ಕೆ ತಿರುಗಿಸಿ ಕೊಯ್ಯುವ ಕರೆಂಟಿನ ಗರಗಸ ತಂದೆ. ಡಬ್ಬಿಯಿಂದ ತೆಗೆದವಳೇ 45 ಡಿಗ್ರಿಗೆ ತಿರುಗಿಸಿ, ಗೌರಿ ಹಬ್ಬದ ಆರ್ಡರಿಗೆ ಹನ್ನೆರಡು ಫ್ರೇಮಿನ ಪಟ್ಟಿ ಕೊಯ್ದುಬಿಟ್ಟೆ. ಮೂರು ಮೂಲೆ ಚೆಂದ ಕೂತವು. ನಾಲ್ಕನೆಯದು ಬಾಯಿ ಬಿಟ್ಟಿತ್ತು. ಹನ್ನೆರಡರಲ್ಲೂ.

ಲೆಕ್ಕ ಸುಲಭ. ಒಂದು ಫ್ರೇಮಿಗೆ ಎಂಟು ಕೊಯ್ತ. ಒಂದೊಂದರಲ್ಲಿ ಕಾಲು ಡಿಗ್ರಿ ತಪ್ಪಿದರೆ, ಎಲ್ಲ ಸೇರಿ ಕೊನೆಯ ಮೂಲೆಗೆ ಎರಡು ಡಿಗ್ರಿ ಬಂದು ಬೀಳುತ್ತದೆ. ಕಾಲು ಡಿಗ್ರಿ ಮೆಷಿನ್ನಿನ ಸ್ಕೇಲಿನಲ್ಲಿ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ನಾನೀಗ ಸ್ಕೇಲನ್ನಾಗಲಿ ಲೇಸರ್ ಗೆರೆಯನ್ನಾಗಲಿ ನಂಬುವುದಿಲ್ಲ. ಕೊಯ್ದ ಮರವನ್ನೇ ನೋಡುತ್ತೇನೆ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೆನ್ಸಿನ (ಪಟ್ಟಿ ಒರಗಿಸುವ ಹಿಂದಿನ ಗೋಡೆ) ಬುಡದಲ್ಲಿ, ಟೇಬಲ್ ತಿರುಗಿ ಕೂರುವ ಕಚ್ಚುಗಳಲ್ಲಿ ಇರುವ ಹೊಟ್ಟನ್ನು ಬ್ರಷ್ ಹಾಕಿ ತೆಗೆಯಿರಿ. ಅಲ್ಲಿ ಚಿಟಿಕೆ ಹೊಟ್ಟು ಸಿಕ್ಕಿಕೊಂಡರೂ ಕೋನ ಕೆಡುತ್ತದೆ. ಬ್ಲೇಡಿನ ಹಲ್ಲು ಎಣಿಸಿ. ನನ್ನ ಮೆಷಿನ್ನಿಗೆ 40 ಹಲ್ಲಿನದು ಬಂದಿತ್ತು, ಫ್ರೇಮ್ ಕೆಲಸಕ್ಕೆ 80 ಹಲ್ಲಿನದು ಹಾಕಿಕೊಂಡೆ. ತುದಿ ಸೀಳುವುದು ಬಹಳ ಕಡಿಮೆಯಾಯಿತು.

45ಕ್ಕೆ ಹೋಗುವ ಮೊದಲು ಸೊನ್ನೆ, ಅಂದರೆ ನೇರ ಕೊಯ್ತ, ಸರಿ ಮಾಡಬೇಕು. ಬ್ಲೇಡ್ ಇಳಿಸಿ, ಮೂಲೆಮಟ್ಟದ (90 ಡಿಗ್ರಿ ನೋಡುವ L ಆಕಾರದ ಸಾಧನ) ಒಂದು ಕೈ ಫೆನ್ಸಿಗೆ, ಇನ್ನೊಂದು ಬ್ಲೇಡಿನ ತಟ್ಟೆಗೆ ಒತ್ತಿ ಹಿಡಿಯಿರಿ. ಹಲ್ಲಿಗೆ ತಾಗಿಸಬೇಡಿ, ಹಲ್ಲುಗಳು ತಟ್ಟೆಗಿಂತ ಹೊರಗೆ ಚಾಚಿರುತ್ತವೆ. ಸಂದು ಕಂಡರೆ ಫೆನ್ಸಿನ ಬೋಲ್ಟ್ ಸಡಿಲಿಸಿ, ಮೂಲೆಮಟ್ಟಕ್ಕೆ ಕೂರಿಸಿ, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಫೆನ್ಸ್ ಜರುಗುತ್ತದೆ.

ಇದಿಷ್ಟೂ ಅಂದಾಜು ಮಾತ್ರ. ಪರೀಕ್ಷೆ ಈಗ. ಎರಡೂ ಅಂಚು ಸಮಾನಾಂತರ ಇರುವ, 100 ಮಿ.ಮೀ. ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಯನ್ನು ನಡುವೆ ನೇರ ಕೊಯ್ಯಿರಿ. ಒಂದು ತುಂಡನ್ನು ಬೋರಲು ಮಾಡಿ, ಎರಡನ್ನೂ ಫೆನ್ಸಿಗೆ ಒರಗಿಸಿ, ಕೊಯ್ದ ತುದಿಗಳನ್ನು ಜೋಡಿಸಿ. ತಪ್ಪು ಎರಡು ಪಟ್ಟಾಗಿ ಕಾಣುತ್ತದೆ. ಮೇಲಿನಿಂದ ನೋಡಿದಾಗ ಒಂದು ತುದಿಯಲ್ಲಿ 1 ಮಿ.ಮೀ. ಸಂದಿದ್ದರೆ ನಿಜವಾದ ತಪ್ಪು ಅರ್ಧ ಮಿ.ಮೀ., ಅಂದರೆ ಕಾಲು ಡಿಗ್ರಿಗಿಂತ ತುಸು ಜಾಸ್ತಿ. ಪಕ್ಕದಿಂದಲೂ ನೋಡಿ. ಮೇಲೆ ಕೂಡಿ ಕೆಳಗೆ ಬಿಟ್ಟಿದ್ದರೆ, ಅಥವಾ ಕೆಳಗೆ ಕೂಡಿ ಮೇಲೆ ಬಿಟ್ಟಿದ್ದರೆ, ಬ್ಲೇಡ್ ನೆಟ್ಟಗೆ ನಿಂತಿಲ್ಲ, ವಾಲಿದೆ. ಆಗ ಬೆವೆಲ್ ಸ್ಟಾಪಿನ, ಅಂದರೆ ಬ್ಲೇಡಿನ ವಾಲು ನಿಲ್ಲಿಸುವ ತಡೆಯ, ಸ್ಕ್ರೂ ತಿರುಗಿಸಬೇಕು. ಒಂದೇ ಕೊಯ್ತದಲ್ಲಿ ಎರಡು ರೋಗ ಗೊತ್ತಾಯಿತು ಅಲ್ವಾ?

ಈಗ ಎಡಕ್ಕೆ 45ರಲ್ಲಿ ಒಂದು ತುಂಡು, ಬಲಕ್ಕೆ 45ರಲ್ಲಿ ಒಂದು ತುಂಡು ಕೊಯ್ದು ಮೂಲೆಮಟ್ಟದೊಳಗೆ ಕೂರಿಸಿ. ಒಳಮೂಲೆಯಲ್ಲಿ ಸಂದು ಕಂಡರೆ ಕೋನ 45 ಮೀರಿದೆ. ಹೊರ ತುದಿಯಲ್ಲಿ ಕಂಡರೆ 45 ಮುಟ್ಟಿಲ್ಲ. ಇನ್ನೊಂದು ಮೋಸವಿದೆ. ಫೆನ್ಸ್ ಓರೆಯಿದ್ದರೆ ಒಂದು ಕಡೆ 45ಕ್ಕಿಂತ ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಡಿಮೆ ಬರುತ್ತದೆ. ಕೂಡಿದರೆ 90 ಸರಿಯಾಗಿಯೇ ಇರುತ್ತದೆ, ಸಂದೂ ಇರುವುದಿಲ್ಲ. ಆದರೆ ಕೊಯ್ದ ಮುಖಗಳ ಉದ್ದ ಬೇರೆ ಬೇರೆ, ತುದಿಗಳು ಒಂದಕ್ಕೊಂದು ಕೂರುವುದಿಲ್ಲ. ಸೊನ್ನೆ ಮೊದಲು ಅಂದದ್ದು ಇದಕ್ಕೇ.

ಫೆನ್ಸ್ ಸರಿಯಿದ್ದೂ 45 ಮಾತ್ರ ಕೂದಲೆಳೆ ತಪ್ಪುತ್ತಿದ್ದರೆ ಟೇಬಲ್ ಜರುಗಿಸಲು ಹೋಗಬೇಡಿ, ಅದು ಮತ್ತೆ ಕಚ್ಚಿಗೇ ಬಂದು ಬೀಳುತ್ತದೆ. ಪಟ್ಟಿಗೂ ಫೆನ್ಸಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ. ಪಟ್ಟಿ ಫೆನ್ಸಿಗೆ ತಾಗುವ ಜಾಗದಿಂದ 100 ಮಿ.ಮೀ. ದೂರದಲ್ಲಿ 0.3 ಮಿ.ಮೀ. ದಪ್ಪದ ಕಾರ್ಡ್ ಇಟ್ಟರೆ ಸುಮಾರು 0.17 ಡಿಗ್ರಿ ತಿರುಗುತ್ತದೆ. ಕಾರ್ಡ್ ಬ್ಲೇಡಿನ ಹತ್ತಿರವೋ ದೂರವೋ ಎಂಬುದು ರದ್ದಿ ತುಂಡಿನಲ್ಲಿ ಒಮ್ಮೆ ನೋಡಿದರೆ ಗೊತ್ತಾಗುತ್ತದೆ. ನನ್ನ ಎಡಗಡೆಯ 45 ಇವತ್ತಿಗೂ ಒಂದು ಕಾರ್ಡಿನ ಮೇಲೇ ನಡೆಯುತ್ತಿದೆ.

ಓರೆ ಕೊಯ್ಯುವಾಗ ಬ್ಲೇಡ್ ಪಟ್ಟಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಕೈಯಲ್ಲಿ ಎಷ್ಟು ಒತ್ತಿ ಹಿಡಿದರೂ ಜಾರುತ್ತದೆ. ಫೆನ್ಸಿಗೆ 120ರ ಸ್ಯಾಂಡ್ ಪೇಪರ್ ಅಂಟಿಸಿ, ಕ್ಲಾಂಪ್ ಹಾಕಿ. ಕೈ ಬ್ಲೇಡಿನಿಂದ ಆರಿಂಚಾದರೂ ದೂರ ಇರಲಿ. ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನ ಇಳಿಸಿ, ಕೊಯ್ದಾದ ಮೇಲೆ ಕೆಳಗೇ ಹಿಡಿದು, ನಿಂತ ಮೇಲೆ ಎತ್ತಿ.

ಎದುರು ಬದುರು ಪಟ್ಟಿಗಳ ಉದ್ದ ಸಮ ಇಲ್ಲದಿದ್ದರೆ ಕೋನ ಎಷ್ಟು ಸರಿಯಿದ್ದೂ ಮೂಲೆ ಕೂಡುವುದಿಲ್ಲ. ಟೇಪಿನಲ್ಲಿ ಎರಡು ಸಲ ಅಳೆಯಬೇಡಿ. ಫೆನ್ಸಿಗೆ ಒಂದು ಮರದ ತುಂಡು ತಡೆಯಾಗಿ ಕಟ್ಟಿ, ಎರಡನ್ನೂ ಅದಕ್ಕೇ ಮುಟ್ಟಿಸಿ ಕೊಯ್ಯಿರಿ. ಆ ತುಂಡಿನ ಕೆಳಮೂಲೆ ಸ್ವಲ್ಪ ಕೆತ್ತಿಬಿಟ್ಟರೆ ಹೊಟ್ಟು ಅಲ್ಲಿ ಹೋಗಿ ಕೂರುತ್ತದೆ.

ಇಷ್ಟಾದರೂ ನಮ್ಮ ಮಲೆನಾಡಿನಲ್ಲಿ ಒಂದು ತಕರಾರು ಉಳಿಯುತ್ತದೆ. ಆಷಾಢದಲ್ಲಿ ಕೊಯ್ದ ಅಗಲ ಪಟ್ಟಿಯ ಫ್ರೇಮ್ ಮಾರ್ಚ್ ಹೊತ್ತಿಗೆ ಒಳಮೂಲೆಯಲ್ಲಿ ಬಿಡುತ್ತದೆ. ಮರ ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಹಾಗಾಗಿ ಕೋನವೇ ಬದಲಾಗುತ್ತದೆ. ಮಳೆಗಾಲದಲ್ಲಿ ನಾನು ಕಿರಿದಾದ ಪಟ್ಟಿಯನ್ನೇ ಒಪ್ಪಿಕೊಳ್ಳುತ್ತೇನೆ. ಅಗಲದ್ದೇ ಬೇಕು ಅಂದವರಿಗೆ ದೀಪಾವಳಿ ಕಳೆಯಲಿ ಅನ್ನುತ್ತೇನೆ. ಮೊದಲ ವರ್ಷ ಇದು ಗೊತ್ತಿಲ್ಲದೆ, ಸರಿಯಿದ್ದ ಫೆನ್ಸನ್ನೇ ಬಿಚ್ಚಿ ಕೂತಿದ್ದೆ.